ಹಳೆ ಶಾಲೆಗೆ ಮತ್ತೆ ಹೋದವರು ಬರೆಯಿರಿ, ನನಗೆ ದಾಖಲಾತಿ ಪುಸ್ತಕದಲ್ಲಿ ಅಪ್ಪ ಸಿಕ್ಕರು

ಲೈನ್‌ಮನೆ_ಹುಡುಗಿ:

ನಾನು ಓದಿದ ಶಾಲೆಗೆ ಹೋಗಿದ್ದೆ. ಏಳನೇ ಕ್ಲಾಸು ಮುಗಿಸಿ ಟಿಸಿ ತಗೊಂಡು ಹೊರಟ ಮೇಲೆ ಒಳಗೆ ಕಾಲಿಟ್ಟಿದ್ದು ಈಗಲೇ. ಮೂಡಿಗೆರೆ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಹೆಸರು ಬೇಡ.

ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಿದ್ದಲ್ಲ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆಯಲ್ಲ, ಅದಕ್ಕೆ 1ರಿಂದ 10ನೇ ತರಗತಿವರೆಗೆ ಎಲ್ಲಿ ಓದಿದ್ದು, ಯಾವ ಮಾಧ್ಯಮ ಅಂತ ಪ್ರಮಾಣಪತ್ರ ಬೇಕು. ಶಾಲೆಯ ಮುಖ್ಯಸ್ಥರ ಸಹಿ, ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ನಮ್ಮ ವಯಸ್ಸಿನ ಎಷ್ಟೋ ಜನ ಹಳೆ ಶಾಲೆಯ ಮೆಟ್ಟಿಲು ಮತ್ತೆ ಹತ್ತುವುದು ಈ ಒಂದು ಕಾಗದಕ್ಕಾಗಿಯೇ ಇರಬೇಕು.

ಎಚ್‌ಎಂ ಮೇಡಂ ಹೊಸಬರು. ಯಾವ ವರ್ಷ ಸೇರಿದ್ದು ಅಂತ ಕೇಳಿದರು, 2006 ಅಂದೆ. ಬೀರು ತೆಗೆದು ದಾಖಲಾತಿ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಶಾಲೆಯಲ್ಲಿ ಹಳೇದಾದ ಎಷ್ಟೋ ಕಾಗದ ವಿಲೇವಾರಿ ಮಾಡಬಹುದು, ಈ ಪುಸ್ತಕವನ್ನು ಶಾಶ್ವತವಾಗಿ ಇಡಲೇಬೇಕಂತೆ. ನನ್ನ ಹೆಸರು ಬೇಗ ಸಿಕ್ಕಿತು. ಮೇಡಂ ಬರೆದುಕೊಳ್ಳುತ್ತಿದ್ದಾಗ "ನಮ್ಮಪ್ಪನೂ ಇಲ್ಲೇ ಓದಿದ್ದು" ಅಂದೆ. "ಹೌದಾ, ಹಾಗಾದರೆ ಅವರದ್ದೂ ನೋಡಮ್ಮ" ಅಂತ ಕೆಳಗಿನ ಖಾನೆಯಿಂದ ಇನ್ನೊಂದು ಪುಸ್ತಕ ತೆಗೆದು ಕೊಟ್ಟರು. ಅದರ ಬೈಂಡು ಬಿಟ್ಟುಹೋಗಿ ದಾರದಲ್ಲಿ ಕಟ್ಟಿಟ್ಟಿದ್ದಾರೆ.

1978ರ ಪುಟದಲ್ಲಿ ಅಪ್ಪ ಇದ್ದರು. ಹುಟ್ಟಿದ ದಿನ ಜೂನ್ 1. ಆ ಪುಟದಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದಾರೆ, ಮನೆಯವರಿಗೆ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರೇ ಹಾಗೆ ಬರೆದುಕೊಳ್ಳುತ್ತಿದ್ದರಲ್ಲ. ಪೋಷಕರ ಉದ್ಯೋಗ, ತೋಟದ ಕೂಲಿ. ಮಾತೃಭಾಷೆ, ತುಳು. ಪೋಷಕರ ಸಹಿ ಇರಬೇಕಾದ ಕಡೆ ಅಜ್ಜನ ಹೆಬ್ಬೆಟ್ಟು.

ನಾನು ಅಜ್ಜನನ್ನು ನೋಡಿಲ್ಲ. ಬೆಳ್ತಂಗಡಿ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕಾಫಿ ತೋಟದ ಕೆಲಸಕ್ಕೆ ಬಂದವರು. ಅವರದ್ದೊಂದು ಫೋಟೊ ಕೂಡ ನಮ್ಮ ಮನೆಯಲ್ಲಿಲ್ಲ. ಅವರ ಕೈಯಿಂದ ಬಿದ್ದ ಗುರುತು ಅಂತ ನಾನು ಕಂಡಿದ್ದು ಅದೊಂದೇ. ಮಗನನ್ನು ಕರೆದುಕೊಂಡು ಬಂದು, ಇಂಕು ಹಚ್ಚಿಸಿಕೊಂಡು ಅಲ್ಲಿ ಒತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಮೇಡಂ ನೀರು ತರಿಸಿಕೊಟ್ಟರು.

ಆಮೇಲೆ ಅವರು ಈ ವರ್ಷದ ಪುಟ ತಿರುಗಿಸಿದಾಗ ಕಂಡಿದ್ದನ್ನು ಹೇಳಬೇಕು. ಮಾತೃಭಾಷೆ ಅನ್ನುವ ಕಾಲಂನಲ್ಲಿ ಒಂದೆರಡು ಕನ್ನಡ, ಉಳಿದಿದ್ದೆಲ್ಲ ಅಸ್ಸಾಮಿ, ಬಂಗಾಳಿ. ಉದ್ಯೋಗದ ಕಾಲಂ ಮಾತ್ರ ಬದಲಾಗಿಲ್ಲ. ತೋಟದ ಕೂಲಿ, ತೋಟದ ಕೂಲಿ, ತೋಟದ ಕೂಲಿ. ನಾವಿದ್ದ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಈಗ ಅಸ್ಸಾಮಿನಿಂದ ಬಂದ ಕುಟುಂಬಗಳಿವೆ. ನಮ್ಮ ಜೊತೆ ಓದಿದವರು ಚಿಕ್ಕಮಗಳೂರು, ಹಾಸನ, ಬೆಂಗಳೂರು, ಮಂಗಳೂರು ಅಂತ ಹರಡಿಹೋಗಿದ್ದೇವೆ.

ಶಾಲೆ ನೋಡಿಕೊಂಡು ಬಂದ ಗೆಳತಿಯರೆಲ್ಲ "ಅಯ್ಯೋ, ನಮ್ಮ ಸ್ಕೂಲು ಮೊದಲಿನ ಹಾಗೆ ಇಲ್ಲ ಕಣೇ" ಅಂತಾರೆ. ನನಗೂ ಕಟ್ಟಡ ನೋಡಿ ಹೊಟ್ಟೆಯಲ್ಲಿ ಏನೋ ಆಯಿತು, ಸುಳ್ಳು ಹೇಳಲ್ಲ. ಹಳೇ ಹೆಂಚಿನ ಕೊಠಡಿಗಳಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ತಾಲೂಕಿನಲ್ಲಿ ಗುಡ್ಡ ಕುಸಿಯಿತಲ್ಲ, ಆ ಮಳೆಯಲ್ಲಿ ಹಿಂದಿನ ಗೋಡೆ ಕೂತುಬಿಟ್ಟಿತಂತೆ, ಆಮೇಲೆ ಇಳಿಸಿ ತಾರಸಿ ಕಟ್ಟಡ ಕಟ್ಟಿದ್ದಾರೆ. ಮಂಗಳೂರು ಹೆಂಚು, ಒಳಗಿನಿಂದ ತಲೆ ಎತ್ತಿದರೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಕಾಣಿಸುತ್ತಿತ್ತು. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಕೆಲಸ, ನಮ್ಮ ಮಲೆನಾಡಿನ ಅರ್ಧ ಶಾಲೆಗಳ ತಲೆ ಕಾದಿದೆ. ಮಗ್ಗಿ ಹೇಳುವಾಗ ಬೇಜಾರಾದರೆ ನಾನು ಆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದೆ. ಆದರೆ ಜುಲೈನಲ್ಲಿ ಅದೇ ಹೆಂಚು ಸೋರುತ್ತಿತ್ತು, ನಾವು ಬೆಂಚು ಎಳೆದುಕೊಂಡು ಒಂದು ಮೂಲೆಗೆ ಸೇರುತ್ತಿದ್ದೆವು, ಮಳೆ ಸದ್ದಿಗೆ ಮೇಷ್ಟ್ರು ಹೇಳಿದ್ದು ಏನೂ ಕೇಳಿಸದೆ ಸುಮ್ನೆ ಕಾಪಿ ಬರೆಸುತ್ತಿದ್ದರು. ಈಗಿನ ಮಕ್ಕಳಿಗೆ ಒಣಗಿದ ನೆಲ ಇದೆ. ಹೆಂಚು ಹೋಯಿತು ಅಂತ ನಾನು ಯಾಕೆ ದುಃಖ ಪಡಬೇಕು ಹೇಳಿ.

ಚಿಕ್ಕ ಮಕ್ಕಳಿಗೆ ಆಡಿಸುತ್ತಾ ಕಲಿಸುವ ನಲಿಕಲಿ ಕೊಠಡಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, 2009ರಲ್ಲಿ, ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು, ನಮಗೆ ಸಿಗಲಿಲ್ಲ, ತಮ್ಮನಿಗೆ ಸಿಕ್ಕಿತು. ಮೇಲೆ ಚಪ್ಪರಕ್ಕೆ ನೇತುಹಾಕಿದ ಮಕ್ಕಳ ಚಿತ್ರಗಳು, ಗೋಡೆಯ ಕೆಳಗೆ ಮಕ್ಕಳ ಎತ್ತರಕ್ಕೇ ಬಳಿದ ಕಪ್ಪು ಹಲಗೆ. ಒಬ್ಬ ಹುಡುಗಿ ಬಂದು "ಅಕ್ಕ, ನೀವು ಹೊಸ ಮಿಸ್ಸಾ?" ಅಂತ ಕೇಳಿದಳು. ಅಚ್ಚ ಮೂಡಿಗೆರೆ ಕನ್ನಡ. ಅವಳ ಅಪ್ಪ ಅಮ್ಮ ಬಂದು ಇನ್ನೂ ಮೂರು ವರ್ಷವಾಗಿಲ್ಲವಂತೆ. ನಮ್ಮಪ್ಪನೂ ತುಳು ಮಾತಾಡಿಕೊಂಡು ಈ ಶಾಲೆಗೆ ಬಂದು ಕನ್ನಡ ಕಲಿತವರು. ಅಪ್ಪನಿಗೆ ಮಾಡಿದ ಕೆಲಸವನ್ನು ಶಾಲೆ ಇವತ್ತಿಗೂ ಮಾಡುತ್ತಿದೆ, ಹಾಗಿದ್ದಾಗ ಮೊದಲಿನ ಹಾಗೆ ಇಲ್ಲ ಅಂತ ನನಗೆ ಅನ್ನಿಸಲೇ ಇಲ್ಲ.

ನಿಮ್ಮ ಶಾಲೆಗೆ ನೀವು ಹೋಗಿದ್ದೀರಾ? ಏನು ಅನ್ನಿಸಿತು? ಹಾಸನ, ಚಿಕ್ಕಮಗಳೂರು ಕಡೆಯವರು ಇದ್ದರೆ ಖಂಡಿತ ಬರೆಯಿರಿ.

ಬೇಲೂರು_ಸೈಕಲ್:

ಅಕ್ಕ, ಹೆಬ್ಬೆಟ್ಟಿನ ವಿಷಯ ಓದಿ ಕಣ್ಣು ತುಂಬಿತು. ಅದರ ಒಂದು ಫೋಟೊ ತೆಗೆದುಕೊಂಡ್ರಾ?

ನಾನೂ ಕಾಗದಕ್ಕೇ ಹೋಗಿದ್ದು. ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಾಗಿದ್ದು ವಾಸನೆ. ಬಿಸಿಯೂಟದ ಸಾಂಬಾರು, ಒದ್ದೆ ಯೂನಿಫಾರಂ, ಸೀಮೆಸುಣ್ಣ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದರೂ ಮಂಡಿಯವರೆಗೆ ನೆನೆದಿರುತ್ತಿತ್ತು, ಅಡುಗೆ ಅಮ್ಮ ನಮ್ಮನ್ನೆಲ್ಲ ಒಲೆ ಹತ್ತಿರ ನಿಲ್ಲಿಸಿ ಒಣಗಿಸುತ್ತಿದ್ದರು, ಕಾಲಿಗೆ ಹತ್ತಿದ ಉಂಬಳಕ್ಕೆ (ಜಿಗಣೆಗೆ) ಉಪ್ಪು ಹಾಕಿ ಬಿಡಿಸುತ್ತಿದ್ದರು. ಅವರು ಇನ್ನೂ ಅಲ್ಲೇ ಅಡುಗೆ ಮಾಡುತ್ತಾರೆ! ನನ್ನನ್ನು ನೋಡಿದ ತಕ್ಷಣ ಹೆಸರು ಹಿಡಿದು ಕರೆದರು. ಮೇಷ್ಟ್ರುಗಳೆಲ್ಲ ವರ್ಗವಾಗಿ ಹೋಗುತ್ತಾರೆ, ಅಡುಗೆಯವರು ಊರಿನವರೇ, ಹಾಗಾಗಿ ಶಾಲೆಯಲ್ಲಿ ನಮ್ಮ ಗುರುತು ಹಿಡಿಯುವವರು ಅವರೊಬ್ಬರೇ. ಅವರಿಗೆ ಕೊಡುವ ಗೌರವಧನ ಬಹಳ ಕಡಿಮೆ, ಅದು ಹೆಚ್ಚಾಗಬೇಕು ಅಂತ ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಎಂಟನೇ ಕ್ಲಾಸಿಗೆ ಸರ್ಕಾರ ಕೊಟ್ಟ ಸೈಕಲ್ ಇನ್ನೂ ಮನೆಯಲ್ಲಿದೆ. ಏರಿನಲ್ಲಿ ತಳ್ಳಿಕೊಂಡೇ ಹೋಗುತ್ತಿದ್ದೆವು, ಆದರೂ ನನ್ನದು ಅಂತ ಮೊದಲು ಬಂದ ವಸ್ತು ಅದು.

ಲೈನ್‌ಮನೆ_ಹುಡುಗಿ:

ಮೇಡಂ ಅವರ ಒಪ್ಪಿಗೆ ಕೇಳಿ ಅಪ್ಪನ ಸಾಲು ಮಾತ್ರ ಬರುವ ಹಾಗೆ ಫೋಟೊ ತೆಗೆದೆ. ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ದೊಡ್ಡದು ಮಾಡಿ ನೋಡಿದರು, "ಆವತ್ತು ನನಗೆ ಚಡ್ಡಿ ಹೊಸದು" ಅಂದರು, ಅಷ್ಟೇ.

ಅರಸೀಕೆರೆ_ಪ್ಯಾಸೆಂಜರ್:

ನಿಮ್ಮ ಶಾಲೆ ನಡೆಯುತ್ತಿದೆ, ಅದಕ್ಕೆ ನಿಮಗೆ ಸಮಾಧಾನ. ನಂದು ಮುಚ್ಚಿದೆ.

ನಮ್ಮದು ಬಯಲುಸೀಮೆ, ತೆಂಗು ರಾಗಿ ಊರು. ಒಂದೇ ಕೊಠಡಿ, ಹೊಂಗೆ ಮರ, ಮರದ ಕೆಳಗೆ ಇನ್ನೊಂದು ಕ್ಲಾಸು. ಐದನೇ ಕ್ಲಾಸಿನವರೆಗೆ ಇತ್ತು. ಮಕ್ಕಳ ಸಂಖ್ಯೆ ಕೈಬೆರಳಲ್ಲಿ ಎಣಿಸುವಷ್ಟಾಯಿತು, ಪಕ್ಕದೂರಿಗೆ ವಿಲೀನ ಮಾಡಿದರು. ಹೋಗಿ ನೋಡಿದರೆ ಬೀಗ. ಕಿಟಕಿಯಲ್ಲಿ ಇಣುಕಿದೆ, ಒಳಗೆ ಯಾರೋ ಕೊಬ್ಬರಿ ಚೀಲ ಇಟ್ಟಿದ್ದಾರೆ. ಗೋಡೆ ಮೇಲೆ ಕರ್ನಾಟಕದ ನಕ್ಷೆ ಇನ್ನೂ ಇದೆ, ನಾನು ಬಣ್ಣ ಹಚ್ಚಿದ್ದು. ಮೇಷ್ಟ್ರು ಸ್ಟೂಲ್ ಹಿಡಿದುಕೊಂಡಿದ್ದರು, ನಾನು ಹತ್ತಿ ಹಾಸನ ಜಿಲ್ಲೆಗೆ ಹಸಿರು ಹಚ್ಚಿದ್ದೆ, ಬೇರೆ ಜಿಲ್ಲೆಗಳಿಗೆ ಯಾರ್ಯಾರೋ.

ಕೋಪ ಯಾರ ಮೇಲೆ ಮಾಡಿಕೊಳ್ಳುವುದು ಅಂತ ಗೊತ್ತಾಗುತ್ತಿಲ್ಲ. ಊರಲ್ಲಿ ಮಕ್ಕಳಿಲ್ಲ ಅಂತಲ್ಲ. ಬೆಳಿಗ್ಗೆ 7:30ಕ್ಕೆ ಹಳದಿ ವ್ಯಾನ್ ಬರುತ್ತದೆ, ಎಲ್ಲ ಮಕ್ಕಳೂ ಅರಸೀಕೆರೆಗೆ ಹೋಗುತ್ತಾರೆ. ನನ್ನ ಅಣ್ಣನ ಮಗನೂ ಅದರಲ್ಲೇ ಹೋಗುತ್ತಾನೆ.

ಒಂದು ಪ್ರಶ್ನೆ. ನನಗೂ ಆ ಪ್ರಮಾಣಪತ್ರ ಬೇಕು. ಮುಚ್ಚಿದ ಶಾಲೆಯ ದಾಖಲೆ ಎಲ್ಲಿರುತ್ತದೆ?

ಸಕಲೇಶಪುರ_ಮೇಷ್ಟ್ರು:

ಅರಸೀಕೆರೆಯವರೇ, ಯಾವ ಶಾಲೆಗೆ ವಿಲೀನವಾಯಿತೋ ಅಲ್ಲಿಗೆ ಹೋಗಿ, ದಾಖಲಾತಿ ಪುಸ್ತಕ ಸಾಮಾನ್ಯವಾಗಿ ಅಲ್ಲಿಯ ಮುಖ್ಯ ಶಿಕ್ಷಕರ ಸುಪರ್ದಿಯಲ್ಲಿರುತ್ತದೆ. ಅಲ್ಲಿಲ್ಲದಿದ್ದರೆ ಬಿಇಒ ಕಚೇರಿಯಲ್ಲಿ ಕೇಳಿ. ಸೇರಿದ ವರ್ಷ, ಬಿಟ್ಟ ವರ್ಷ ಎರಡೂ ಬರೆದುಕೊಂಡು ಹೋದರೆ ಹುಡುಕುವವರಿಗೆ ಸುಲಭ. ಅರ್ಜಿಯ ಕೊನೆ ದಿನಕ್ಕೆ ಕಾಯಬೇಡಿ, ಮೇಲುಸಹಿಗೆ ಜನ ಜಾಸ್ತಿ ಇರುತ್ತಾರೆ.

ನಾನು ತೋಟಗಳ ನಡುವಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮೇಲಿನ ಹುಡುಗಿ ಬರೆದಿದ್ದು ನಮ್ಮ ಕಡೆಯೂ ನಿಜ. ಹಳೆ ವಿದ್ಯಾರ್ಥಿಗಳು ಬಂದರೆ ನಮಗೆ ಬಹಳ ಖುಷಿ. ಮಕ್ಕಳಿಗೂ ಒಳ್ಳೆಯದು, ಇದೇ ಬೆಂಚಿನಲ್ಲಿ ಕೂತವರು ಹೀಗಾಗಿದ್ದಾರೆ ಅಂತ ಕಣ್ಣಾರೆ ನೋಡುತ್ತಾರೆ. ಆದರೆ ಒಂದು ಕೋರಿಕೆ. ಫೋನ್ ಮಾಡಿ ಬನ್ನಿ, ಮಧ್ಯಾಹ್ನ ಊಟದ ಹೊತ್ತಿಗೆ ಬಂದರೆ ಒಳ್ಳೆಯದು. ಚಾಕೊಲೇಟ್ ಹಂಚಿ ಮಕ್ಕಳ ಜೊತೆ ಫೋಟೊ ತೆಗೆದು ಎಲ್ಲೆಲ್ಲೋ ಹಾಕಬೇಡಿ. ಕೂತು ಮಾತಾಡಿ. ನೀವು ಓದುವಾಗ ಏನಿತ್ತು, ಏನಿರಲಿಲ್ಲ ಅಂತ ಹೇಳಿ. ನಮ್ಮ ಮಕ್ಕಳಿಗೆ ಕಥೆ ಅಂದರೆ ಪ್ರಾಣ. ಶಾಲೆಯಲ್ಲಿ ಕೊಡುವ ಹಾಲು ಮೊದಲು ಇರಲಿಲ್ಲ, 2013ರ ಆಗಸ್ಟ್ 1ರಿಂದ ಬಂದಿದ್ದು ಅಂದರೆ ಅವರು ನಂಬುವುದೇ ಇಲ್ಲ.

ಕುದುರೆಮುಖ_ಕಾಲೊನಿ:

ಅರಸೀಕೆರೆಯವರ ಮಾತು ಓದಿ ನಾನೂ ಬರೆಯಬೇಕು ಅನ್ನಿಸಿತು. ನನಗೆ ಶಾಲೆಯೂ ಇಲ್ಲ, ಊರೂ ಇಲ್ಲ.

ಅಪ್ಪ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸದಲ್ಲಿದ್ದರು. ಕಾಡಿನ ಮಧ್ಯೆ ಕಟ್ಟಿದ ಕಾಲೊನಿ. ಕ್ವಾರ್ಟರ್ಸು, ಆಸ್ಪತ್ರೆ, ಮೈದಾನ, ಶಾಲೆ ಎಲ್ಲ ಇತ್ತು. ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2002ರಲ್ಲಿ ಗಣಿ ನಿಲ್ಲಿಸಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ನಾನಾಗ ನಾಲ್ಕನೇ ಕ್ಲಾಸು. ಅದಕ್ಕೂ ಮೊದಲೇ ಕ್ಲಾಸಿನಲ್ಲಿ ಒಬ್ಬೊಬ್ಬರೇ ಕಮ್ಮಿಯಾಗುತ್ತಿದ್ದರು. ಸೋಮವಾರ ಬಂದರೆ ಪಕ್ಕದವಳು ಇರುತ್ತಿರಲಿಲ್ಲ. ಮಿಸ್ ಹಾಜರಿ ಕೂಗುವಾಗ ಆ ಹೆಸರಿಗೆ ಬಂದು ಒಂದು ಕ್ಷಣ ನಿಲ್ಲುತ್ತಿದ್ದರು. ನಾವು ಮಂಗಳೂರಿಗೆ ಬಂದೆವು.

ಗಣಿ ನಿಂತಿದ್ದು ಸರಿಯೇ. ಭದ್ರಾ ನದಿ ಹುಟ್ಟುವ ಗುಡ್ಡಗಳವು, ಕೆಳಗೆ ಎಷ್ಟೋ ಜನ ಆ ನೀರು ಕುಡಿಯುತ್ತಾರೆ. ದೊಡ್ಡವಳಾದ ಮೇಲೆ ಓದಿ ತಿಳಿದುಕೊಂಡಿದ್ದೇನೆ, ಒಪ್ಪಿದ್ದೇನೆ. ಆದರೂ ಕಳಸದಿಂದ ಆ ರಸ್ತೆಯಲ್ಲಿ ಹೋಗುವಾಗ ಕ್ವಾರ್ಟರ್ಸುಗಳ ಬಾಗಿಲಿಗೆ ಬಳ್ಳಿ ಹಬ್ಬಿದ್ದು ನೋಡಿ ಎದೆ ಹಿಂಡಿದ ಹಾಗಾಯಿತು. ಎರಡೂ ನಿಜ. ಕಾಡು ಉಳಿಯಬೇಕಿತ್ತು ಅನ್ನುವುದೂ, ನನ್ನ ಕ್ಲಾಸ್‌ರೂಮು ನನಗೆ ಬೇಕಿತ್ತು ಅನ್ನುವುದೂ.

ನಿಮ್ಮ ಶಾಲೆಯಲ್ಲಿ ಇನ್ನೊಬ್ಬರ ಮಕ್ಕಳಾದರೂ ಕೂತಿದ್ದಾರೆ. ಅದು ಎಷ್ಟು ದೊಡ್ಡದು ಅಂತ ನನ್ನನ್ನು ಕೇಳಿ.

ಹಾಸನ_ಸಂತೇಪೇಟೆ:

ಎಲ್ಲರೂ ಭಾವುಕರಾಗಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಆಲೂರು ಕಡೆ ಸರ್ಕಾರಿ ಶಾಲೆಯಲ್ಲೇ ಓದಿದ್ದು. ಹೋಗಿ ನೋಡಿದೆ, ನನಗೆ ಸಂಕಟವೇ ಆಯಿತು. ಎರಡು ಮೂರು ಕ್ಲಾಸು ಸೇರಿಸಿ ಒಬ್ಬರೇ ಟೀಚರ್. ಊರಿನವರ ಮಕ್ಕಳು ಒಬ್ಬರೂ ಇಲ್ಲ. ಬಂದು ಹೋಗುವ ಕೂಲಿಯವರ ಮಕ್ಕಳಿಗಾಗಿ ಶಾಲೆ ನಡೆಸಿದರೆ ಅದು ಊರಿನ ಶಾಲೆ ಹೇಗಾಗುತ್ತದೆ? ಕಾಫಿ ಕುಯ್ಲು ಮುಗಿದರೆ ಅವರು ಹೊರಟುಹೋಗುತ್ತಾರೆ. ಮುಂದಿನ ಜೂನ್‌ನಲ್ಲಿ ಅದೇ ಮಕ್ಕಳು ಇರುತ್ತಾರಾ? ನಾವು ಇಲ್ಲಿ ಕೂತು ನೆನಪು ಬರೆಯುತ್ತೇವೆ, ನಮ್ಮಲ್ಲಿ ಯಾರು ಮಕ್ಕಳನ್ನು ಅಲ್ಲಿಗೆ ಸೇರಿಸುತ್ತೇವೆ?

ಲೈನ್‌ಮನೆ_ಹುಡುಗಿ:

ಸಂತೇಪೇಟೆಯವರೇ, ಕೊನೆಯ ಪ್ರಶ್ನೆ ಸರಿಯಾಗಿದೆ. ಊರಿನವರು ಬಿಟ್ಟಿದ್ದಕ್ಕೆ ಶಾಲೆ ಖಾಲಿಯಾಗಿದ್ದು, ಅದು ಕೂಲಿಯವರ ಮಕ್ಕಳ ತಪ್ಪಲ್ಲ. ಇಂಗ್ಲಿಷ್ ಇಲ್ಲ ಅಂತ ಬಿಟ್ಟೆವು ಅನ್ನುತ್ತಾರೆ, ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಒಂದು ವಿಷಯವಾಗಿ 2007ರಿಂದಲೇ ಇದೆ, 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನೂ ತೆರೆದರು.

ಟೀಚರ್ ಸಾಲದು ಅನ್ನುವುದನ್ನು ನಾನೂ ಒಪ್ಪುತ್ತೇನೆ, ಅದಕ್ಕೆ ಜಗಳ ಆಡಲೇಬೇಕು. ಆದರೆ "ಬಂದು ಹೋಗುವ ಕೂಲಿಯವರು" ಅಂದಿರಲ್ಲ, ನಮ್ಮ ಅಜ್ಜನನ್ನೂ ಹಾಗೇ ಅಂದಿರುತ್ತಾರೆ. ಘಟ್ಟದ ಕೆಳಗಿನವರು, ಮಳೆಗಾಲಕ್ಕೆ ಇಳಿದುಹೋಗುತ್ತಾರೆ ಅಂತ. ತಮಿಳುನಾಡಿನಿಂದ ಬಂದವರಿಗೂ ಅದೇ ಮಾತು. ಆವತ್ತು ಒಬ್ಬ ಮೇಷ್ಟ್ರು, ಈ ಹುಡುಗ ಮುಂದಿನ ಜೂನ್‌ನಲ್ಲಿ ಇರುತ್ತಾನೋ ಇಲ್ಲವೋ ಅಂತ ಲೆಕ್ಕ ಹಾಕದೆ ಹೆಸರು ಬರೆದುಕೊಂಡರು. ಅದಕ್ಕೆ ನಾನು ಇವತ್ತು ಇಲ್ಲಿ ಕನ್ನಡದಲ್ಲಿ ನಿಮ್ಮ ಜೊತೆ ಮಾತಾಡುತ್ತಿದ್ದೇನೆ. ಊರಿನ ಶಾಲೆ ಅಂದರೆ ಈಗ ಆ ಊರಲ್ಲಿ ಇರುವವರ ಶಾಲೆ. ನನಗೆ ಇದರಲ್ಲಿ ಎರಡನೇ ಮಾತೇ ಇಲ್ಲ.

ಸಕಲೇಶಪುರ_ಮೇಷ್ಟ್ರು:

ಕಾನೂನು ಕೂಡ ಅದನ್ನೇ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿಗೆ ದಾಖಲಾತಿ ನಿರಾಕರಿಸುವ ಹಾಗಿಲ್ಲ. ಟಿಸಿ ತಡವಾಯಿತು ಅಂತಲೂ ಹೇಳುವ ಹಾಗಿಲ್ಲ. ಹತ್ತು ವರ್ಷದ ಮಗು ಒಂದು ದಿನವೂ ಶಾಲೆಗೆ ಹೋಗಿಲ್ಲದಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದಿನದ್ದನ್ನು ವಿಶೇಷ ತರಬೇತಿ ಕೊಟ್ಟು ಕಲಿಸಬೇಕು. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್‌ಗಳಿಗೆ ಗೊತ್ತಿದ್ದರೆ ಲೈನಿನ ಮಕ್ಕಳು ಇನ್ನೂ ಜಾಸ್ತಿ ಬರುತ್ತಾರೆ.

ಕುಯ್ಲಿನ ತಿಂಗಳುಗಳು ನಮಗೆ ಕಷ್ಟ, ನಿಜ. ನವೆಂಬರ್‌ನಲ್ಲಿ ಅರೇಬಿಕಾ ಶುರುವಾದರೆ ರೊಬಸ್ಟಾ ಮುಗಿಯುವವರೆಗೆ ಹಾಜರಿ ಇಳಿಯುತ್ತದೆ. ಅಮ್ಮ ತೋಟಕ್ಕೆ ಹೋದರೆ ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ನಾನು ತಮ್ಮನನ್ನೂ ಕರೆದುಕೊಂಡು ಬಾ ಅನ್ನುತ್ತೇನೆ. ನಲಿಕಲಿ ಕೊಠಡಿಯಲ್ಲಿ ಅವನೂ ಒಂದು ಮೂಲೆಯಲ್ಲಿ ಆಡಿಕೊಂಡಿರುತ್ತಾನೆ.

ಕೊಟ್ಟಿಗೆಹಾರ_ಮಂಜು:

ಇದೇ ವಿಷಯ ಮಾರಾಯ್ರೆ. ನನಗೆ ಅಕ್ಷರ ಕಲಿಸಿದ ಟೀಚರ್ ಹೀಗೇ ಮಾಡಿದ್ದರು. ನನ್ನ ತಂಗಿ ಎರಡು ವರ್ಷದವಳಿದ್ದಾಗಲೇ ನನ್ನ ಜೊತೆ ಶಾಲೆಗೆ ಬರುತ್ತಿದ್ದಳು, ಹಾಜರಿಯಲ್ಲಿ ಅವಳ ಹೆಸರಿಲ್ಲದಿದ್ದರೂ ಟೀಚರ್ ಕೊನೆಯಲ್ಲಿ ಅವಳ ಹೆಸರನ್ನೂ ಕೂಗುತ್ತಿದ್ದರು. ಅವಳೀಗ ಹಾಸನದಲ್ಲಿ ನರ್ಸ್.

ನಾನು ಬೆಂಗಳೂರಿನಲ್ಲಿದ್ದೇನೆ. ಶಾಲೆಗೆ ಏನಾದರೂ ಮಾಡಬೇಕು ಅಂತ ನಮ್ಮ ಬ್ಯಾಚಿನವರು ದುಡ್ಡು ಕೂಡಿಸಿದ್ದೇವೆ. ಕಮಾನು ಕಟ್ಟಿಸೋಣ ಅಂತ ಕೆಲವರು, ನಲ್ಲಿ ಹಾಕಿಸೋಣ ಅಂತ ಕೆಲವರು. ಮೇಷ್ಟ್ರೇ, ನಿಮ್ಮ ಪ್ರಕಾರ ಏನು ಬೇಕು?

ಸಕಲೇಶಪುರ_ಮೇಷ್ಟ್ರು:

ಕಮಾನು ಬೇಡ. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಗೆ ಒಬ್ಬರು ಹೋಗಿ, ಅಲ್ಲಿಯ ಅಮ್ಮಂದಿರನ್ನೇ ಕೇಳಿ. ನಮ್ಮ ಶಾಲೆಯಲ್ಲಿ ಕೇಳಿದರೆ ಹೆಣ್ಣುಮಕ್ಕಳ ಶೌಚಾಲಯಕ್ಕೆ ಮಳೆಗಾಲದಲ್ಲಿ ನೆನೆಯದೆ ಹೋಗುವ ಹಾಗೆ ಒಂದು ಸೂರು ಬೇಕು ಅಂದರು. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ದುಡ್ಡಿಲ್ಲದೆ ಆಗುವ ಒಂದು ಕೆಲಸ ಹೇಳಲಾ? ಒಂದನೇ ಕ್ಲಾಸಿಗೆ ಬರುವ ಮಗುವಿಗೆ ನಮ್ಮ ಮಾತು ತಿಳಿಯುವುದಿಲ್ಲ, ಅದರ ಮಾತು ನಮಗೆ ತಿಳಿಯುವುದಿಲ್ಲ. ಮೊದಲ ಎರಡು ವಾರ ಅಳುತ್ತಲೇ ಇರುತ್ತದೆ. ಅಸ್ಸಾಮಿ, ಬಂಗಾಳಿ, ಅಸ್ಸಾಮಿನ ಚಹಾ ತೋಟದವರು ಆಡುವ ಸಾದ್ರಿ ಬಲ್ಲವರು ಬೆಂಗಳೂರಿನ ಆಫೀಸುಗಳಲ್ಲಿ ನಿಮ್ಮ ಜೊತೆ ಇರುತ್ತಾರಲ್ಲ. ಕೆಲವು ವಾಕ್ಯಗಳನ್ನು ಅವರಿಂದ ಹೇಳಿಸಿ ರೆಕಾರ್ಡ್ ಮಾಡಿ, ಕನ್ನಡ ಲಿಪಿಯಲ್ಲೂ ಬರೆದು ಕಳಿಸಿದರೆ ನಾವು ಟೀಚರ್‌ಗಳೇ ಕಲಿತುಕೊಳ್ಳುತ್ತೇವೆ.

ಕೊಟ್ಟಿಗೆಹಾರ_ಮಂಜು:

ನನ್ನ ಪಕ್ಕದ ಸೀಟಿನವನು ಅಸ್ಸಾಮಿನ ಜೋರ್ಹಾಟ್ ಕಡೆಯವನು, ಇವತ್ತೇ ಕೇಳುತ್ತೇನೆ. ಯಾವ ವಾಕ್ಯ ಬೇಕು ಅಂತ ಬರೆದು ಹಾಕಿ.

ಕುದುರೆಮುಖ_ಕಾಲೊನಿ:

ಬಂಗಾಳಿ ನನ್ನ ರೂಮ್‌ಮೇಟ್ ಮಾಡಿಕೊಡುತ್ತಾಳೆ.

ಸಕಲೇಶಪುರ_ಮೇಷ್ಟ್ರು:

ಹೊಟ್ಟೆ ನೋಯುತ್ತಿದೆಯಾ. ಒಂದಕ್ಕೆ ಹೋಗಬೇಕಾ. ಊಟ ಮಾಡಿದೆಯಾ. ಮೊಟ್ಟೆ ಬೇಕಾ, ಬಾಳೆಹಣ್ಣು ಬೇಕಾ. ಯಾರಾದರೂ ಹೊಡೆದರಾ. ನಿನ್ನ ಅಕ್ಕ ಪಕ್ಕದ ರೂಮಿನಲ್ಲೇ ಇದ್ದಾಳೆ. ಅಮ್ಮ ಸಂಜೆ ಬರುತ್ತಾಳೆ. ಸದ್ಯಕ್ಕೆ ಇಷ್ಟು ಸಾಕು, ಸಾದ್ರಿ ಬಲ್ಲವರು ಯಾರಾದರೂ ಇದ್ದರೆ ತಿಳಿಸಿ, ಅದಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.